ರುಚಿ ನೋಡಿದ್ದು ಲೆಕ್ಕಕ್ಕಿಲ್ಲ

ಹಂಚಿನ ಮೇಲಿದ್ದ ರೊಟ್ಟಿಯನ್ನು ಬಿಟ್ಟು ನಾನು ಎದ್ದು ಓಡಿದ್ದು ಅದೇ ಮೊದಲು. ರೊಟ್ಟಿ ಬಡಿಯುವವಳು ಹಂಚು ಬಿಟ್ಟು ಏಳುವುದಿಲ್ಲ. ಮಗು ಅತ್ತರೂ ಏಳುವುದಿಲ್ಲ, ಬೀಗರು ಬಂದು ಬಾಗಿಲಲ್ಲಿ ನಿಂತರೂ ಏಳುವುದಿಲ್ಲ. ಅವತ್ತು ಹೊಕ್ಕುಳ ಕೆಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗಾಯಿತು. ಹಿಂಡಿ ಬಿಟ್ಟರು. ಮತ್ತೆ ಹಿಂಡಿದರು. ಹಿತ್ತಲಿನ ಪಾಯಖಾನೆ ಮುಟ್ಟುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಬಂದಿತ್ತು. ತಿರುಗಿ ಬಂದಾಗ ರೊಟ್ಟಿ ಕರ್ರಗಾಗಿ ಹೊಗೆ ಏಳುತ್ತಿತ್ತು. ಪಡಸಾಲೆಯಲ್ಲಿ ಕುಳಿತವರು ರೊಟ್ಟಿ ಕೇಳುತ್ತಿದ್ದರು. ಅತ್ತೆ ಹಂಚಿನ ಪಕ್ಕ ನಿಂತು ನನ್ನ ಮುಖ ನೋಡುತ್ತಿದ್ದರು.

ಸೀದದ್ದನ್ನು ಒಲೆಗೆ ಹಾಕಿ ನಾನು ಮತ್ತೊಂದು ಹಿಟ್ಟಿನ ಉಂಡೆ ತೆಗೆದುಕೊಂಡೆ.

ಬೆಟಗೇರಿಯಲ್ಲಿ ನಮ್ಮದೊಂದು ಖಾನಾವಳಿ. ಮಗ್ಗದವರು, ಗದಗಿನ ಛಾಪಖಾನೆಗಳಲ್ಲಿ ಅಚ್ಚಿನ ಮೊಳೆ ಜೋಡಿಸುವವರು, ಹಳ್ಳಿಯಿಂದ ಕಾಲೇಜಿಗೆ ಬಂದು ಖೋಲಿ ಹಿಡಿದ ಹುಡುಗರು, ಸೀರೆ ಖರೀದಿಗೆ ಬಂದ ಪರಸ್ಥಳದವರು, ಎಲ್ಲರೂ ನಮ್ಮಲ್ಲೇ ಉಣ್ಣುತ್ತಾರೆ. ಹೊರಗೆ ಬಡಿಸುವುದು, ನಾಲ್ಕು ಮಾತಾಡುವುದು ನನ್ನ ಗಂಡನ ಕೆಲಸ. ಒಳಗಿನದೆಲ್ಲ ನನ್ನದು, ಅತ್ತೆಯದು. ನನ್ನ ಎಣ್ಣೆಗಾಯಿಗೆಂದೇ ಹುಲಕೋಟಿಯಿಂದ ಸೈಕಲ್ ತುಳಿದುಕೊಂಡು ಬರುವವರಿದ್ದರು. ಇದನ್ನು ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ, ಏಕೆಂದರೆ ಅದು ಖರೆ. ನೀಲವ್ವನ ಕೈರುಚಿ ಎಂದು ಮಂದಿ ಹೇಳುತ್ತಿದ್ದರು. ನನಗಿದ್ದ ಆಸ್ತಿ ಅದೊಂದೇ.

ಅದಕ್ಕೇ ಹೆದರಿಕೆ. ನಮ್ಮ ಕಸುಬಿನಲ್ಲಿ ಜ್ವರ ಬಂದರೆ ಹೇಳಬಹುದು, ಕಾಲು ಉಳುಕಿದರೆ ಹೇಳಬಹುದು. ಹೊಟ್ಟೆ ಕೆಟ್ಟಿದೆ ಎಂದು ಮಾತ್ರ ಹೇಳುವ ಹಾಗಿಲ್ಲ. ಅಡುಗೆಯವಳಿಗೇ ಜುಲಾಬು ಎಂದು ಒಬ್ಬನ ಕಿವಿಗೆ ಬಿದ್ದರೆ ಸಾಕು, ಮಾರನೆಯ ದಿನ ಪಡಸಾಲೆಯಲ್ಲಿ ಹಾಸಿದ ಚಾಪೆ ಹಾಸಿದಂತೆಯೇ ಇರುತ್ತದೆ.

ಹೀಗಾಗಿ ಬಚ್ಚಿಟ್ಟೆ. ಕೆಲವು ದಿನ ಜಾಡಿಸುವುದು, ಮತ್ತೆ ಕೆಲವು ದಿನ ಹೊರಕಡೆಯೇ ಆಗದೆ ಹೊಟ್ಟೆ ಉಬ್ಬಿ ಕಲ್ಲಾಗುವುದು. ಸೀರೆಯ ನಿರಿಗೆ ಸಡಿಲ ಮಾಡಿಕೊಂಡು ಹಿಟ್ಟು ನಾದುತ್ತಿದ್ದೆ. ಓಮಿನಕಾಳು ಜಗಿದೆ. ಶುಂಠಿ ಕಷಾಯ ಕುಡಿದೆ. ಓಣಿಯ ಡಾಕ್ಟರು ಜಂತಿನ ಗುಳಿಗೆ ಕೊಟ್ಟರು. ಜಂತು ಹೋದವೋ ಇಲ್ಲವೋ, ನೋವು ಹೋಗಲಿಲ್ಲ. ಮುಂಡರಗಿಯಲ್ಲಿರುವ ನನ್ನ ತಂಗಿ ಕರೆದರೂ ಹೋಗಲಿಲ್ಲ. ಬಸ್ಸಿನಲ್ಲಿ ನಡುದಾರಿಯಲ್ಲಿ ಹೊಟ್ಟೆ ನುಲಿದರೆ ಎಲ್ಲಿಗೆ ಓಡುವುದು?

ಇನ್ನೂ ಒಂದು ಕಾರಣವಿತ್ತು. ಮುಂಡರಗಿಯ ತಂಗಿಯ ಮನೆಯಲ್ಲೇ ನಮ್ಮವ್ವ ಹೀಗೇ ಹೊಟ್ಟೆ ಹಿಡಿದುಕೊಂಡು ಅಡ್ಡಾಡಿದ್ದಳು. ಅಜೀರ್ಣ, ಅಜೀರ್ಣ ಎನ್ನುತ್ತಲೇ ಒಂದು ಬೇಸಿಗೆ ಕಳೆದಳು. ಕೊನೆಗೆ ಡಾಕ್ಟರು ನಮ್ಮನ್ನಷ್ಟೇ ಕರೆದು ಹೊಟ್ಟೆಯೊಳಗೆ ಗಂಟಿದೆ ಎಂದರು. ಆ ದೀಪಾವಳಿ ಅವಳು ನೋಡಲಿಲ್ಲ.

ನನ್ನ ಹೊಟ್ಟೆಯನ್ನು ನಾನೇ ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದೆ.

ಮೈ ಇಳಿದು ಬಳೆ ಮೊಣಕೈವರೆಗೂ ಸರಿಯತೊಡಗಿದಾಗ ನನ್ನ ಗಂಡ ಟಾಂಗಾ ತಂದು ನಿಲ್ಲಿಸಿ, ಹತ್ತು ಎಂದರು. ಗದಗಿಗೆ ಒಬ್ಬ ಲೇಡಿ ಡಾಕ್ಟರು ಹೊಸದಾಗಿ ಬಂದಿದ್ದರು. ಮೈಸೂರು ಕಡೆಯವರು, ಮಾತು ಪುಸ್ತಕದ ಹಾಗೆ. ಹೆಂಗಸಾದ್ದರಿಂದ ನಾನೂ ಬಾಯಿಬಿಟ್ಟೆ. ಎಷ್ಟು ಸಲ, ಹೇಗೆ, ರಕ್ತ ಬೀಳುತ್ತದೆಯೋ ಎಂದೆಲ್ಲ ಕೇಳಿದರು. ನಾನು ಯಾರಿಗೂ ಹೇಳದ್ದನ್ನೆಲ್ಲ ತಲೆ ತಗ್ಗಿಸಿ ಹೇಳಿದೆ, ಅವ್ವನ ವಿಷಯವನ್ನೂ ಹೇಳಿದೆ. ಅವರು ಬ್ಲಡ್ ಟೆಸ್ಟ್, ಸ್ಟೂಲ್ ಟೆಸ್ಟ್ ಬರೆದರು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಹೋಗಿ ಬೇರಿಯಂ ಎಕ್ಸ್‌ರೇ ತೆಗೆಸಿಕೊಂಡು ಬನ್ನಿ ಎಂದರು.

ಹುಬ್ಬಳ್ಳಿಗೆ ರೈಲಿನಲ್ಲೇ ಹೋದೆವು. ರೈಲಿನಲ್ಲಿ ಸಂಡಾಸವಿರುತ್ತದೆ. ಆರೋಗ್ಯವಂತರಿಗೆ ಕಿಟಕಿ ಪಕ್ಕದ ಜಾಗ ಬೇಕು, ನನ್ನಂಥವರಿಗೆ ಸಂಡಾಸದ ಪಕ್ಕದ್ದು. ಆಸ್ಪತ್ರೆಯಲ್ಲಿ ಸುಣ್ಣದ ನೀರಿನಂಥದನ್ನು ಕೆಳಗಿನಿಂದ ಹೊಟ್ಟೆಗೆ ಬಿಟ್ಟು, ಆ ಕಡೆ ಹೊರಳು, ಈ ಕಡೆ ಹೊರಳು ಎಂದರು. ತಣ್ಣನೆಯ ಮೇಜು. ಮಾನ ಎನ್ನುವುದನ್ನು ಸೀರೆಯ ಜೊತೆಗೇ ಮೊಳೆಗೆ ತೂಗುಹಾಕಿ ಬಂದಿದ್ದೆ. ಫಿಲ್ಮು ಕೈಗೆ ಬರುವವರೆಗೆ ನನ್ನ ಗಂಡ ಎಲೆ ಅಡಿಕೆಯನ್ನೂ ಮುಟ್ಟಲಿಲ್ಲ. ತಂಬಾಕು ಬಿಟ್ಟು ಅವರು ಅಷ್ಟು ಹೊತ್ತು ಇದ್ದದ್ದನ್ನು ನಾನು ನೋಡಿದ್ದು ಅವತ್ತೇ. ಅವರೂ ಹೆದರಿದ್ದಾರೆ ಎಂದು ತಿಳಿದು ನನಗೆ ಇನ್ನಷ್ಟು ಹೆದರಿಕೆಯಾಯಿತು.

ಲೇಡಿ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಗಂಟು ಇಲ್ಲ ಅಮ್ಮ. ಹುಣ್ಣೂ ಇಲ್ಲ."

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಅಳು ಮುಗಿದ ಮೇಲೆ ಸಿಟ್ಟು ಬಂತು. ಏನೂ ಇಲ್ಲದಿದ್ದರೆ ಈ ನೋವು ಎಲ್ಲಿಂದ ಬರುತ್ತದೆ? ಸುಳ್ಳು ಹೇಳುತ್ತಿದ್ದೇನೆಯೇ? ಡಾಕ್ಟರು ಸಮಾಧಾನದಿಂದ ಹೇಳಿದರು: ಇದಕ್ಕೆ ಇರಿಟೇಬಲ್ ಬವೆಲ್ ಸಿಂಡ್ರೋಮ್ ಎನ್ನುತ್ತಾರೆ, ಕರುಳಿನಲ್ಲಿ ಗಾಯವಿಲ್ಲ, ಆದರೆ ಸಣ್ಣದಕ್ಕೂ ಸಿಡಿಮಿಡಿಗೊಳ್ಳುತ್ತದೆ, ನೋವು ನಿಜವಾದದ್ದೇ, ಪ್ರಾಣಕ್ಕೆ ಅಪಾಯವಿಲ್ಲ. ಗುಳಿಗೆಗಿಂತ ಪಥ್ಯ ಮುಖ್ಯ. ಖಾರ, ಕರಿದದ್ದು, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಕಾಳು ಪಲ್ಯ, ಚಹಾ, ಎಲ್ಲ ಸದ್ಯಕ್ಕೆ ಬಿಡಬೇಕು. ಮೆತ್ತನೆಯ ಅನ್ನ, ತೆಳುವಾದ ಹೆಸರುಬೇಳೆ ತೊವ್ವೆ, ಮಜ್ಜಿಗೆ. ಹೊತ್ತಿಗೆ ಸರಿಯಾಗಿ, ಸ್ವಲ್ಪ ಸ್ವಲ್ಪ.

ಹೊರಗೆ ಬಂದ ಮೇಲೆ ನನ್ನ ಗಂಡ ಮೊದಲು ಮಾಡಿದ ಕೆಲಸ ಎಲೆಗೆ ಸುಣ್ಣ ಹಚ್ಚಿದ್ದು. "ಡಾಕ್ಟರ್ ಹೇಳಿದ್ದು ಬರೊಬ್ಬರಿ ಐತಿ. ನಿನ್ನ ಸಿಟ್ಟೆಲ್ಲಾ ಕರುಳಾಗ ಹೋಗಿ ಕುಂತೈತಿ" ಎಂದರು. ಬಹಳ ದಿನಗಳ ಮೇಲೆ ಇಬ್ಬರೂ ನಕ್ಕೆವು.

ನಗು ಬಾಳಲಿಲ್ಲ. ಪಥ್ಯವನ್ನು ನಾನು ವ್ರತದ ಹಾಗೆ ಹಿಡಿದೆ. ಮಂದಿಗೆಲ್ಲ ಬಡಿಸಿ, ಪಾತ್ರೆ ಒಳಗಿಟ್ಟು, ಹೊತ್ತು ವಾಲಿದ ಮೇಲೆ ನನ್ನ ತಾಟಿಗೆ ಬೆಳ್ಳನೆಯ ಅನ್ನ, ಹಳದಿ ನೀರು. ಸುತ್ತಲೂ ಎಣ್ಣೆಗಾಯಿಯ ವಾಸನೆ, ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿಯ ವಾಸನೆ, ನನ್ನ ಬಾಯಿಗೆ ಮಾತ್ರ ಸಪ್ಪಗಿನದು. ಚಹಾ ಬಿಟ್ಟದ್ದಕ್ಕೆ ತಲೆ ಸಿಡಿಯಿತು, ಅದನ್ನೂ ತಡೆದುಕೊಂಡೆ. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಗಾದೆ ಹೇಳುತ್ತಾರೆ. ಈ ಓಣಿಯಲ್ಲಿ ಊಟವನ್ನು ನನಗಿಂತ ಬಲ್ಲವರು ಯಾರಿದ್ದರು?

ಆದರೂ ನೋವು ಬರುತ್ತಿತ್ತು. ಮೊದಲಿನಷ್ಟೇ.

ಆಗ ಒಂದು ಕೆಟ್ಟ ವಿಚಾರ ತಲೆಗೆ ಹೊಕ್ಕಿತು. ಗಂಟು ಇದೆ, ನನಗೆ ಹೇಳುತ್ತಿಲ್ಲ. ಅವ್ವನಿಗೂ ಕೊನೆಯವರೆಗೆ ಹೇಳಿರಲಿಲ್ಲ. ನಾವೇ ಎಲ್ಲರೂ ಸೇರಿ ಅಜೀರ್ಣ ಎಂದಿದ್ದೆವು. ಈಗ ನನ್ನ ಗಂಡ, ಅತ್ತೆ, ಡಾಕ್ಟರು ಸೇರಿ ನನಗೆ ಇಂಗ್ಲಿಷಿನಲ್ಲಿ ಅಜೀರ್ಣ ಎನ್ನುತ್ತಿದ್ದಾರೆ. ಮಗಳ ಜಡೆ ಹಾಕುತ್ತ, ಇವಳಿಗೆ ರೊಟ್ಟಿ ಬಡಿಯುವುದನ್ನು ಬೇಗ ಕಲಿಸಬೇಕು ಎಂದುಕೊಳ್ಳುತ್ತಿದ್ದೆ.

ಒಂದೇ ಒಂದು ಸಂಗತಿ ಲೆಕ್ಕ ತಪ್ಪಿಸುತ್ತಿತ್ತು. ಅಮಾವಾಸ್ಯೆಯ ದಿನ ನನ್ನ ಹೊಟ್ಟೆ ಸುಮ್ಮನಿರುತ್ತಿತ್ತು. ಅವತ್ತು ಖಾನಾವಳಿ ಬಂದ್. ಮನೆಯಲ್ಲಿ ದೇವರಿಗೆ ಎಡೆ. ಅತ್ತೆಯೇ ಮೊದಲು ಇದನ್ನು ಗುರುತಿಸಿದರು. ದೇವರು ಕಣ್ಣು ತೆರೆದಿದ್ದಾನೆ ಎಂದು ಶಿರಹಟ್ಟಿಯ ಮಠಕ್ಕೆ ಹೋಗಿ ಹರಕೆ ಹೊತ್ತು ಬಂದರು. ಪ್ರತಿ ಸೋಮವಾರವೂ ಎಡೆ ಮಾಡೋಣ ಎಂದರು. ಸೋಮವಾರ ಖಾನಾವಳಿ ಬಂದ್ ಮಾಡಿದರೆ ಉಣ್ಣಲು ಬರುವ ಮಂದಿ ಏನು ಮಾಡಬೇಕು ಎಂದು ನಾನು ರೇಗಿದೆ. ರೇಗಿದ್ದಕ್ಕೆ ಹೊಟ್ಟೆ ನೋಯಿತು.

ಮತ್ತೆ ಗದಗಿಗೆ ಹೋದಾಗ ಲೇಡಿ ಡಾಕ್ಟರ ಮುಂದೆ ನೇರವಾಗಿ ಕೇಳಿಬಿಟ್ಟೆ. ಗಂಟಿದ್ದರೆ ಹೇಳಿಬಿಡ್ರಿ, ನನಗೆ ಒಬ್ಬ ಮಗಳಿದ್ದಾಳೆ, ವ್ಯವಸ್ಥೆ ಮಾಡಬೇಕು ಎಂದೆ. ಅವರು ಫಿಲ್ಮನ್ನು ಮತ್ತೆ ತೆಗೆದು ನನ್ನ ಕೈಗೇ ಕೊಟ್ಟು, ಕರುಳಿನ ಸುತ್ತು ಬೆರಳಿಟ್ಟು ತೋರಿಸಿದರು. ಆಮೇಲೆ ಏನೇನು ಉಣ್ಣುತ್ತೀರಿ ಎಂದು ಕೇಳಿದರು. ಹೇಳಿದೆ. ಅವರ ಮುಖದಲ್ಲಿ ಗೊಂದಲ. ಒಂದು ದಿನವೂ ಪೂರ್ತಿ ಚೆನ್ನಾಗಿರುವುದಿಲ್ಲವೇ ಎಂದರು. ಹೇಳಬೇಕೋ ಬೇಡವೋ ಎಂದು ಅನುಮಾನಿಸಿ ಅಮಾವಾಸ್ಯೆಯ ಸಂಗತಿ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ಅವರು ನಗಲಿಲ್ಲ.

"ಅವತ್ತು ಅಡುಗೆ ಯಾರು ಮಾಡ್ತಾರೆ?"

"ನಾನ ಮಾಡತೀನ್ರಿ. ಆದ್ರ ಅದು ಎಡಿ ಅಡಿಗಿ. ದೇವರ ಮುಂದ ಇಡೂತನಕ ಅದನ್ನ ರುಚಿ ನೋಡೂ ಹಂಗಿಲ್ಲ."

ಅವರು ಪೆನ್ನು ಕೆಳಗಿಟ್ಟರು. "ಬೇರೆ ದಿನ?"

"ಬ್ಯಾರೆ ದಿನ ನೋಡಬೇಕಲ್ರಿ. ಮಂದಿಗೆ ರುಚಿ ನೋಡದ ಹೆಂಗ ಬಡಸೂದು?"

ಹೇಳುತ್ತಲೇ ನನ್ನ ಕೈ ಅಭ್ಯಾಸಬಲದಿಂದ ಮೇಲೆದ್ದಿತ್ತು. ಸೌಟಿನಿಂದ ಅಂಗೈಗೆ ಒಂದಿಷ್ಟು ಬಿಟ್ಟುಕೊಂಡು ನೆಕ್ಕುವ ಹಾಗೆ.

"ದಿನಕ್ಕೆ ಎಷ್ಟು ಸಲ ಹಾಗೆ ನೋಡ್ತೀರಿ?"

"ಅದನ್ನ ಯಾರ ಎಣಸ್ತಾರ್ರಿ? ಅದೇನು ಊಟ ಅಲ್ಲಲ್ರಿ."

ನನ್ನ ಮಾತು ನನ್ನ ಕಿವಿಗೇ ಬಿತ್ತು.

ಎಣ್ಣೆಗಾಯಿ ಒಲೆಯ ಮೇಲಿದ್ದಾಗ ಒಂದು ಸಲ, ಇಳಿಸುವಾಗ ಒಂದು ಸಲ. ಮಡಿಕೆಕಾಳಿನ ಪಲ್ಯ. ಪುಂಡಿಪಲ್ಯ. ಹಸಿಮೆಣಸಿನಕಾಯಿ ಚಟ್ನಿ, ಅರೆಯುತ್ತ ಅರೆಯುತ್ತ ಉಪ್ಪು ನೋಡುವುದು. ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ ಸಾರು. ಎರಡನೆಯ ಪಂಕ್ತಿಗೆ ನೀರು ಬೆರೆಸಿದ ಮೇಲೆ ಮತ್ತೊಮ್ಮೆ. ಬೆಳಗಿನಿಂದ ಬರಿ ಹೊಟ್ಟೆಗೆ, ಮಂದಿ ಉಂಡು ಏಳುವವರೆಗೆ ಇದೇ. ಆಮೇಲೆ ನನ್ನ ಪಥ್ಯದ ಅನ್ನ. ಅಡುಗೆಮನೆಯಲ್ಲಿ ರುಚಿ ನೋಡಿದ್ದನ್ನು ಯಾರೂ ಉಂಡದ್ದು ಎನ್ನುವುದಿಲ್ಲ. ನಮ್ಮವ್ವ ಎನ್ನಲಿಲ್ಲ, ನನ್ನ ಅತ್ತೆ ಎನ್ನಲಿಲ್ಲ. ನನಗೂ ಅದು ಬಾಯಿಗೆ ಹೋದದ್ದು ಎಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಡಾಕ್ಟರು ಎಲ್ಲವನ್ನೂ ಅದರ ಮೇಲೇ ಹೊರಿಸಲಿಲ್ಲ. ಮನಸ್ಸಿನ ಹೆದರಿಕೆಯೂ ಕರುಳಿಗೆ ತಟ್ಟುತ್ತದೆ ಎಂದರು. ಆದರೆ ಸದ್ಯಕ್ಕೆ ಎರಡು ಮಾತು ನಡೆಸಿ ನೋಡಿ ಎಂದರು. ರುಚಿ ನೋಡಕೂಡದು. ಮತ್ತೆ, ಎಲ್ಲರೂ ಉಂಡ ಮೇಲೆ ಅಲ್ಲ, ಕೆಲಸ ಏರುವ ಮೊದಲೇ ಊಟ ಮಾಡಬೇಕು.

ಗಂಟಿಲ್ಲ ಎಂಬುದನ್ನು ನಾನು ಪೂರ್ತಿ ನಂಬಿದ್ದು ಅವತ್ತು. ಹಗುರಾಗಬೇಕಿತ್ತು. ಆದರೆ ಟಾಂಗಾದಲ್ಲಿ ಕುಳಿತು ಅಂಗೈ ನೋಡಿಕೊಂಡಾಗ ಎದೆ ಭಾರವಾಯಿತು. ರುಚಿ ನೋಡದೆ ಅಡುಗೆ ಮಾಡು ಎಂದರೆ, ಕಣ್ಣು ಕಟ್ಟಿಕೊಂಡು ದಾರಿ ನಡೆ ಎಂದ ಹಾಗೆ. ಪ್ರಾಣ ಉಳಿಯಿತು, ಕೈರುಚಿ ಹೋಯಿತು ಎಂದುಕೊಂಡೆ.

ಹಾಗೇ ಆಯಿತು. ಮೊದಲ ದಿನ ಬದನೆಕಾಯಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ತಿಳಿಯದೆ ಮತ್ತೊಮ್ಮೆ ಹಾಕಿದೆ. ರುಚಿ ನೋಡುವ ಕೆಲಸ ನನಗೆ ಬಿಡು ಎಂದು ನನ್ನ ಗಂಡ ಮುಂದೆ ಬಂದರು. ಅವರ ನಾಲಿಗೆ ಸುಣ್ಣ ತಂಬಾಕಿನಲ್ಲಿ ಎಂದೋ ಸತ್ತಿತ್ತು. ಉಪ್ಪಿಲ್ಲದ ಸಾರಿಗೂ ಬರೊಬ್ಬರಿ, ಉಪ್ಪಿನ ಗುಡ್ಡದಂಥ ಪಲ್ಯಕ್ಕೂ ಬರೊಬ್ಬರಿ. ಲಕ್ಷ್ಮೇಶ್ವರದಿಂದ ವಾರಕ್ಕೊಮ್ಮೆ ಸೀರೆ ಖರೀದಿಗೆ ಬರುವ ಇಮಾಮಸಾಬರು ನಮ್ಮ ಹಳೆಯ ಗಿರಾಕಿ. ಅವರು ಅರ್ಧ ತಾಟು ಬಿಟ್ಟು ಎದ್ದರು. ಕೈ ತೊಳೆಯುವಾಗ ಅಡುಗೆಮನೆಯ ಬಾಗಿಲಿಗೆ ಬಂದು, ಬೇರೆಯವರಿಗೆ ಕೇಳದ ಹಾಗೆ, ಆರಾಮ ಅದೀರೇನು ಅಕ್ಕಾರ ಎಂದರು. ಅವರು ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಅದೇ ಹೊತ್ತಿಗೆ ಖಬರೂ ಹಬ್ಬಿತು. ಓಣಿಯ ಯಾರೋ ನನ್ನನ್ನು ಆಸ್ಪತ್ರೆಯ ಬಾಗಿಲಲ್ಲಿ ನೋಡಿದ್ದರು. ಖಾನಾವಳಿಯಾಕೆಗೆ ಹೊಟ್ಟೆಬೇನೆಯಂತೆ, ತಾನು ಮಾಡಿದ್ದನ್ನು ತಾನೇ ಉಣ್ಣುವುದಿಲ್ಲವಂತೆ. ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ, ಏನೆಂದು ಜಗಳ ತೆಗೆಯಲಿ? ಛಾಪಖಾನೆಯವರು ಬರುವುದನ್ನು ಬಿಟ್ಟರು. ಹುಡುಗರು ಬೇರೆ ಕಡೆ ಊಟ ಗೊತ್ತು ಮಾಡಿಕೊಂಡರು. ಪಡಸಾಲೆಯ ಒಂದು ಬದಿಯ ಚಾಪೆಯನ್ನು ನನ್ನ ಗಂಡ ಸುತ್ತಿ ಮೂಲೆಗೆ ನಿಲ್ಲಿಸಿದರು. ನೋವು ಕಡಿಮೆಯಾಗುತ್ತಿತ್ತು, ಅದು ಖರೆ. ಆದರೆ ಮನೆ ಖಾಲಿಯಾಗುತ್ತಿತ್ತು.

ಒಂದು ಬೆಳಿಗ್ಗೆ ಕೈ ತಡೆಯಲಿಲ್ಲ. ಸೌಟೆತ್ತಿ ಅಂಗೈಗೆ ಬಿಟ್ಟುಕೊಂಡೆ. ಅತ್ತೆ ನನ್ನ ಮುಂಗೈ ಹಿಡಿದರು.

"ನಾಳೆ ಅಮಾಸಿ ಎಡಿಗೆ ರುಚಿ ನೋಡಿ ಮಾಡತೀಯೇನು?"

"ಅದು ದೇವರಿಗೆ, ಅತ್ತಿ. ಉಪ್ಪು ಹೆಚ್ಚಾತಂತ ದೇವರು ತಾಟು ಬಿಟ್ಟು ಏಳೂದಿಲ್ಲ."

"ಎಡಿ ಆದ ಮ್ಯಾಲ ನಾವ ಉಣತೀವಲ್ಲ. ಯಾವಾಗರ ಉಪ್ಪು ತಪ್ಪೇತೇನು?"

ನಾನು ಅಂಗೈ ತೊಳೆದುಕೊಂಡೆ. ತಪ್ಪಿರಲಿಲ್ಲ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಒಮ್ಮೆಯೂ ತಪ್ಪಿರಲಿಲ್ಲ. ಎಡೆಯ ದಿನ ನಾನು ಬೇರೆ ರೀತಿ ಅಡುಗೆ ಮಾಡುತ್ತಿದ್ದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಎಡೆಯ ಅಡುಗೆಗೆ ಕೂತರೆ ಮಾತಿಲ್ಲ, ಅವಸರವಿಲ್ಲ. ಉಪ್ಪನ್ನು ಅಂಗೈಯ ಗುಳಿಯಲ್ಲಿ ಹಿಡಿದು ಒಮ್ಮೆ ನೋಡಿ ಹಾಕುತ್ತೇನೆ. ಖಾರದ ಹಸಿ ವಾಸನೆ ಹೋಯಿತೇ ಎಂದು ಮೂಗು ಹೇಳುತ್ತದೆ. ಎಣ್ಣೆ ಬಿಟ್ಟಿತೇ ಎಂದು ಕಣ್ಣು ಹೇಳುತ್ತದೆ. ಬೇರೆ ದಿನ ನಾಲಿಗೆ ಇದೆಯಲ್ಲ ಎಂಬ ಧೈರ್ಯಕ್ಕೆ ಈ ಎಲ್ಲವನ್ನೂ ಮಲಗಿಸಿಬಿಟ್ಟಿದ್ದೆ. ಅವತ್ತಿನಿಂದ ದಿನವೂ ಎಡೆಯ ಅಡುಗೆಯಂತೆಯೇ ಮಾಡತೊಡಗಿದೆ. ಅತ್ತೆಯೂ ಅದನ್ನು ದಿನವೂ ಮೊದಲು ದೇವರಿಗೆ ತೋರಿಸತೊಡಗಿದರು. ಅತ್ತೆ ಪಕ್ಕದಲ್ಲಿ ಕುಳಿತು ಉಳ್ಳಾಗಡ್ಡಿ ಹೆಚ್ಚುತ್ತ, ನನ್ನ ಕೈ ಬಾಯಿಯ ಕಡೆ ಎದ್ದರೆ ಸಾಕು, ಕೆಮ್ಮುತ್ತಿದ್ದರು.

ಅತ್ತೆಗೆ ಒಪ್ಪಿಗೆಯಾಗದೆ ಉಳಿದದ್ದು ಡಾಕ್ಟರ ಎರಡನೆಯ ಮಾತು. ಉಣ್ಣಲು ಬಂದವರು ಹಸಿದು ಕುಳಿತಿರುವಾಗ ಮನೆಯವಳು ಮೊದಲು ಉಣ್ಣುವುದೇ? ಅವರ ಅತ್ತೆ ಹಾಗೆ ಮಾಡಿರಲಿಲ್ಲ, ಅವರೂ ಮಾಡಿರಲಿಲ್ಲ. ನಾನು ಹೆಚ್ಚು ಒತ್ತಾಯಿಸಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಕಳ್ಳಿಯ ಹಾಗೆ ಎರಡು ತುತ್ತು ಉಂಡು, ಅತ್ತೆ ಕಂಡರೆ ತಾಟು ಮುಚ್ಚಿಟ್ಟು ಏಳುತ್ತಿದ್ದೆ.

ಮತ್ತೊಮ್ಮೆ ಇಮಾಮಸಾಬರು ಬಂದರು. ನಾನು ಬಾಗಿಲ ಸಂದಿಯಿಂದ ನೋಡಿದೆ. ಅವರು, ಇಬ್ಬರು ಮಗ್ಗದವರು, ಬಿಂಕದಕಟ್ಟಿಯ ಒಬ್ಬ ಹುಡುಗ. ಒಂದು ಕಾಲಕ್ಕೆ ಕೂರಲು ಜಾಗವಿಲ್ಲದ ಪಡಸಾಲೆ. ಹೊಟ್ಟೆಯೊಳಗೆ ಮತ್ತೆ ಯಾರೋ ಬಟ್ಟೆ ಹಿಂಡಲು ಶುರುಮಾಡಿದರು. ಇವರೂ ತಾಟು ಬಿಟ್ಟು ಎದ್ದರೆ ಮುಗಿಯಿತು ಎಂದುಕೊಂಡೆ.

ಅತ್ತೆ ದೇವರಿಗೆ ಎಡೆ ತೋರಿಸಿ ಬಂದವರು ಒಂದು ತಾಟು ತೆಗೆದುಕೊಂಡು ನೇರ ಪಡಸಾಲೆಗೆ ನಡೆದರು. ಎಲ್ಲರಿಗೂ ಕಾಣುವ ಜಾಗದಲ್ಲಿ ಗೋಡೆಗೆ ಮಣೆ ಹಾಕಿದರು. ಮೆತ್ತನೆಯ ಅನ್ನ, ತೆಳು ತೊವ್ವೆ, ಮಜ್ಜಿಗೆ. ತಾಟಿನ ಅಂಚಿಗೆ ಒಂದು ಚಿಟಿಕೆ ಶೇಂಗಾ ಹಿಂಡಿಯನ್ನೂ ಇಟ್ಟರು. ಆಮೇಲೆ ನನ್ನನ್ನು ಕರೆದರು.

"ನೀಲವ್ವಾ, ಬಾ. ಕುಂಡ್ರು."

"ಅತ್ತಿ, ಮಂದಿ ಇನ್ನೂ ಉಂಡಿಲ್ಲರಿ."

"ದೇವರದಾತು. ಇದು ಎರಡನೇ ಎಡಿ ತಿಳಿ. ಇದು ಆಗೂತನಕ ಈ ಮನ್ಯಾಗ ಯಾರಿಗೂ ಬಡಸಂಗಿಲ್ಲ."

ಸೌಟು ಹಿಡಿದು ನಿಂತಿದ್ದ ನನ್ನ ಗಂಡ ಸೌಟನ್ನು ಕೆಳಗಿಟ್ಟರು.

ನಾನು ಕುಳಿತೆ. ಗಂಡಸರ ಮುಂದೆ, ಗಿರಾಕಿಗಳ ಮುಂದೆ, ಅತ್ತೆ ಬಡಿಸಿದ ತಾಟಿನ ಮುಂದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಕಣ್ಣೀರು ತೊವ್ವೆಗೆ ಬಿತ್ತು. ಒಂದು ತುತ್ತು ನುಂಗಿದೆ. ಇಮಾಮಸಾಬರು ಗೋಡೆಗೆ ಒರಗಿ ಕುಳಿತರು. "ಸಾವಕಾಶ ಉಣ್ರಿ ಅಕ್ಕಾರ. ನಮಗೇನು ಅವಸರ ಇಲ್ಲ" ಎಂದರು. ನಾನು ಉಂಡು ಏಳುವವರೆಗೆ ಅವರು ಕಾದರು. ಆಮೇಲೆ ಅವರ ತಾಟಿಗೆ ಎಣ್ಣೆಗಾಯಿ ಬಿತ್ತು. ನಾನು ಒಳಗೆ ಬಾಗಿಲ ಹಿಂದೆ ಉಸಿರು ಹಿಡಿದು ನಿಂತೆ. ಅವರು ಇನ್ನೊಂದು ರೊಟ್ಟಿ ಕೇಳಿದರು.

ಇದೆಲ್ಲ ಆಗಿ ಬಹಳ ದಿನವೇನೂ ಆಗಿಲ್ಲ. ನಾನು ಪೂರ್ತಿ ಆರಾಮಾಗಿದ್ದೇನೆ ಎಂದು ಹೇಳಲಾರೆ. ಮೊನ್ನೆ ತಂಗಿಯ ಮನೆಗೆಂದು ಮುಂಡರಗಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಸೆರಗು ಹಿಂಡುತ್ತ ಕುಳಿತಿದ್ದರೂ ಊರು ಮುಟ್ಟಿದೆ. ಕೆಲವು ದಿನ ಏನೂ ತಪ್ಪು ಮಾಡದೆಯೂ ನೋವು ಬರುತ್ತದೆ. ಬಂದರೆ ಬರಲಿ, ಹೋಗುತ್ತದೆ ಎಂದು ತಿಳಿದುಕೊಂಡಿದ್ದೇನೆ. ಡಾಕ್ಟರ ಮಾತಿನಂತೆ ಬಿಟ್ಟದ್ದನ್ನು ಒಂದೊಂದಾಗಿ ಬಾಯಿಗೆ ಹಾಕಿ ನೋಡುತ್ತಿದ್ದೇನೆ. ಬಿಸಿ ರೊಟ್ಟಿ ಒಗ್ಗುತ್ತದೆ, ಹಸಿ ಉಳ್ಳಾಗಡ್ಡಿ ಒಗ್ಗುವುದಿಲ್ಲ. ಚಹಾದ ಆಸೆ ಹೋಗಿಲ್ಲ. ಅವ್ವನಿಗೆ ಇಂಥ ಒಬ್ಬ ಡಾಕ್ಟರು ವೇಳೆಗೆ ಸಿಕ್ಕಿದ್ದರೆ ಎಂದು ನೆನೆದು ಈಗಲೂ ಸಂಕಟವಾಗುತ್ತದೆ.

ಸುತ್ತಿಟ್ಟ ಚಾಪೆಯನ್ನು ನನ್ನ ಗಂಡ ಮತ್ತೆ ಹಾಸಿದ್ದಾರೆ. ಛಾಪಖಾನೆಯವರು ಇನ್ನೂ ಎಲ್ಲರೂ ಬಂದಿಲ್ಲ. ಬಂದವರು ನನ್ನ ಊಟ ಮುಗಿಯುವವರೆಗೆ ಕಾಯುವುದನ್ನು ರೂಢಿ ಮಾಡಿಕೊಂಡಿದ್ದಾರೆ, ಅಕ್ಕನ ಎಡಿ ಆತೇನು ಎಂದು ಬಾಗಿಲಲ್ಲೇ ಕೇಳುತ್ತಾರೆ. ತಾಟಿನ ಅಂಚಿಗೆ ಅತ್ತೆ ಇವತ್ತಿಗೂ ಒಂದು ಚಿಟಿಕೆ ಹಿಂಡಿ ಇಡುತ್ತಾರೆ. ನಾನು ಅದನ್ನು ಮುಟ್ಟುವುದಿಲ್ಲ ಎಂದು ಅವರಿಗೆ ಗೊತ್ತು. ಸಪ್ಪನ ತಾಟು ಬಡಿಸಲು ಅವರ ಕೈ ಏಳುವುದಿಲ್ಲ. ಉಂಡು, ಕೈ ತೊಳೆದುಕೊಂಡು ಹಂಚಿನ ಮುಂದೆ ಹೋಗಿ ಕೂರುತ್ತೇನೆ.

ಇವತ್ತು ಒಂದೂ ರೊಟ್ಟಿ ಸೀದಿಲ್ಲ.